ಗೋಡೆ ಕದಲಿಸದೆ ಭವನವನ್ನು ಹಿಗ್ಗಿಸುವುದು

ನಮ್ಮ ಕಾಲೇಜಿನಲ್ಲಿ ಒಂದೇ ಒಂದು ಸಭಾಭವನವಿದೆ. ಬೆಳಿಗ್ಗೆ ಅದರಲ್ಲಿ ಎರಡು ತರಗತಿಗಳನ್ನು ಕೂಡಿಸಿ ಪಾಠ ಹೇಳುತ್ತೇವೆ; ಮಧ್ಯಾಹ್ನ ಚರ್ಚಾಸ್ಪರ್ಧೆ; ಸಂಜೆ ನಾಟಕದ ತಾಲೀಮು; ವರ್ಷದಲ್ಲಿ ಮೂರು ನಾಲ್ಕು ಬಾರಿ ವೀಣೆಯ ಇಲ್ಲವೆ ಹಾಡುಗಾರಿಕೆಯ ಕಚೇರಿ. ಇಂತಹ ಭವನಗಳು ನಾಡಿನ ಅನೇಕ ಊರುಗಳಲ್ಲಿ ಉಂಟು. ಅವುಗಳನ್ನು ಕುರಿತು ಕೇಳಿಬರುವ ದೂರುಗಳು ಮಾತ್ರ ಒಂದಕ್ಕೊಂದು ಹೊಂದುವುದಿಲ್ಲ. ಬೆಳಗಿನ ಪಾಠಕ್ಕೆ ಬಂದ ವಿದ್ಯಾರ್ಥಿಗಳು, "ಮಾತು ಕೇಳಿಸುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ, ಎಲ್ಲವೂ ಕಲಸಿಹೋಗುತ್ತದೆ" ಎನ್ನುತ್ತಾರೆ. ರಾತ್ರಿಯ ಕಚೇರಿಗೆ ಬಂದ ವಿದ್ವಾಂಸರು, "ಈ ಭವನದಲ್ಲಿ ನಾದ ನಿಲ್ಲುವುದಿಲ್ಲ, ಹುಟ್ಟಿದ ಕೂಡಲೇ ಸತ್ತುಹೋಗುತ್ತದೆ" ಎನ್ನುತ್ತಾರೆ. ಗೋಡೆಗಳು ಅವೇ, ಛಾವಣಿಯೂ ಅದೇ. ಇಬ್ಬರ ಮಾತೂ ನಿಜವಾಗಿರುವುದು ಹೇಗೆ?

ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳ ಸಂಘದವರು ಭವನದ ಸುಧಾರಣೆಗೆಂದು ಸ್ವಲ್ಪ ಹಣ ಕೂಡಿಸಿಕೊಟ್ಟರು. ಗುಂಡಿಯೊತ್ತಿದ ಮಾತ್ರಕ್ಕೆ ಸಣ್ಣ ಭವನವನ್ನು ದೊಡ್ಡ ಸಂಗೀತಶಾಲೆಯಂತೆ ನುಡಿಯಿಸುವ ಇಲೆಕ್ಟ್ರಾನಿಕ್ ವ್ಯವಸ್ಥೆಯೊಂದನ್ನು ಕೊಳ್ಳಬೇಕೆಂದು ಕೆಲವರು ಹೇಳಿದರು. ಅಂತಹ ವ್ಯವಸ್ಥೆಗಳು ಇರುವುದು ನಿಜ. ಭೌತಶಾಸ್ತ್ರ ವಿಭಾಗದವರಾದ ನಮ್ಮನ್ನು ಅಭಿಪ್ರಾಯ ಕೇಳಲಾಯಿತು. ಅಭಿಪ್ರಾಯ ಕೊಡುವ ಮೊದಲು ಅಳೆಯುವುದು ಲೇಸೆಂದು ನಾವು ಒಂದು ಪೊಟ್ಟಣ ಬೆಲೂನುಗಳನ್ನು ತರಿಸಿದೆವು.

ಭವನದಲ್ಲಿ ಬೆಲೂನೊಂದನ್ನು ಒಡೆದರೆ ಹುಟ್ಟಿದ ಶಬ್ದವು ಗೋಡೆಯಿಂದ ಗೋಡೆಗೆ, ನೆಲದಿಂದ ಛಾವಣಿಗೆ ನೂರಾರು ಬಾರಿ ಪುಟಿಯುತ್ತದೆ. ಪ್ರತಿ ಪುಟಿತದಲ್ಲಿಯೂ ಸ್ವಲ್ಪ ಶಕ್ತಿ ಸೋರಿಹೋಗುತ್ತದೆ. ಬಿಡಿಬಿಡಿಯಾಗಿ ಕೇಳುವ ಪ್ರತಿಧ್ವನಿ ಇದಲ್ಲ. ಪುಟಿತಗಳು ಒತ್ತಾಗಿ ಒಂದರ ಮೇಲೊಂದು ಬಿದ್ದು ಬಾಲದಂತೆ ಎಳೆದುಕೊಂಡು ಹೋಗುವ ಈ ಶಬ್ದಕ್ಕೆ ಅನುರಣನವೆಂದು ಹೆಸರು. ಶಬ್ದದ ಶಕ್ತಿಯು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ 60 ಡೆಸಿಬೆಲ್‌ಗಳಷ್ಟು, ಇಳಿಯುವುದಕ್ಕೆ ಹಿಡಿಯುವ ಕಾಲವೇ ಅನುರಣನ ಕಾಲ. ನಮ್ಮ ಖಾಲಿ ಭವನದಲ್ಲಿ ಅದು 2.6 ಸೆಕೆಂಡು ಬಂದಿತು. ಇದನ್ನು ಅಳೆಯಲು ಈಗ ವಿಶೇಷ ಉಪಕರಣ ಬೇಕಿಲ್ಲ. ಮೊಬೈಲ್ ಫೋನಿನಲ್ಲಿ ಶಬ್ದವನ್ನು ಮುದ್ರಿಸಿ ಕಂಪ್ಯೂಟರಿನಲ್ಲಿ ಅದರ ಇಳಿತವನ್ನು ಗುರುತಿಸಿದರೆ ಸಾಕು. 60 ಡೆಸಿಬೆಲ್ ಪೂರ್ತಿ ಇಳಿಯುವ ಮೊದಲೇ ಬೀದಿಯ ಸದ್ದು ಅಡ್ಡ ಬರುವುದರಿಂದ, ಮೊದಲ 20 ಇಲ್ಲವೆ 30 ಡೆಸಿಬೆಲ್‌ಗಳ ಇಳಿತವನ್ನು ನೋಡಿ ಮಿಕ್ಕುದನ್ನು ಲೆಕ್ಕ ಹಾಕಬೇಕು.

ಈ ಅಳತೆಯನ್ನು ಮೊದಲು ಶಾಸ್ತ್ರೀಯವಾಗಿ ಮಾಡಿದವನು ಅಮೆರಿಕದ ವಾಲೇಸ್ ಸಬೈನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾಶಾಲೆಯ ಉಪನ್ಯಾಸಭವನ ಹೊಸತಾಗಿ ಕಟ್ಟಿದ್ದರೂ ಉಪಯೋಗಕ್ಕೆ ಬಾರದೆ ಇದ್ದಿತು. ಅಲ್ಲಿ ಆಡಿದ ಮಾತೊಂದು ಸುಮಾರು 5.5 ಸೆಕೆಂಡುಗಳವರೆಗೆ ಕೇಳಿಸುತ್ತಿತ್ತು. ಸಬೈನನಿಗೆ ಆಗ 27 ವರ್ಷ. ಆತನ ಬಳಿ ಇದ್ದುದು ಒಂದು ಆರ್ಗನ್ ಕೊಳವೆ, ಕಾಲಮಾಪಕ ಮತ್ತು ತನ್ನ ಕಿವಿ. ಸಮೀಪದ ನಾಟಕಶಾಲೆಯಿಂದ ಆಸನದ ಮೆತ್ತೆಗಳನ್ನು ರಾತ್ರಿ ಹೊರಿಸಿಕೊಂಡು ಬಂದು, ಊರು ಮಲಗಿದ ಮೇಲೆ ಒಂದೊಂದಾಗಿ ಮೆತ್ತೆ ಹಾಸುತ್ತ ಶಬ್ದ ಎಷ್ಟು ಬೇಗ ಅಡಗುತ್ತದೆಂದು ಅಳೆದು, ಬೆಳಗಾಗುವುದರೊಳಗೆ ಅವನ್ನು ಹಿಂದಕ್ಕೆ ಸಾಗಿಸುತ್ತಿದ್ದನು. ಈ ಶ್ರಮದಿಂದ ದೊರೆತ ನಿಯಮ ಬಹಳ ಸರಳವಾದುದು. ಭವನದ ಘನ ಅಳತೆಯನ್ನು ಮೀಟರುಗಳಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಸೆಕೆಂಡುಗಳಲ್ಲಿ ಬರುತ್ತದೆ. ಹೀರಿಕೆಯನ್ನು ಸಬೈನನು ತೆರೆದ ಕಿಟಕಿಯ ವಿಸ್ತೀರ್ಣದಲ್ಲಿ ಎಣಿಸಿದನು. ಕಿಟಕಿಯಿಂದ ಹೊರಗೆ ಹೋದ ಶಬ್ದ ಮರಳಿ ಬರುವುದಿಲ್ಲವಷ್ಟೆ. 1900ರಲ್ಲಿ ಬಾಸ್ಟನ್ ನಗರದ ಸಿಂಫನಿ ಹಾಲ್ ಎದ್ದುದು ಈತನ ಸಲಹೆಯ ಮೇಲೆಯೇ.

ನಮ್ಮ ಭವನದ ಉದ್ದ 20 ಮೀಟರ್, ಅಗಲ 12, ಎತ್ತರ 6. ಘನ ಅಳತೆ 1440. 0.161ರಿಂದ ಗುಣಿಸಿದರೆ ಸುಮಾರು 232. ಖಾಲಿ ಭವನದ 2.6 ಸೆಕೆಂಡಿಗೆ ಹೀರಿಕೆ 89 ಚದರ ಮೀಟರ್ ಆಯಿತು. ಮರದ ಕುರ್ಚಿಯಲ್ಲಿ ಕುಳಿತ ಒಬ್ಬ ಮನುಷ್ಯ, ಉಟ್ಟ ಬಟ್ಟೆಯೊಡನೆ, ಸುಮಾರು 0.45 ಚದರ ಮೀಟರಿನ ತೆರೆದ ಕಿಟಕಿಗೆ ಸಮ. ಬೆಳಗಿನ ಪಾಠಕ್ಕೆ ಬರುವ 60 ವಿದ್ಯಾರ್ಥಿಗಳು 27 ಚದರ ಮೀಟರ್ ಸೇರಿಸಿದರೆ ಅನುರಣನ ಕಾಲ ಎರಡು ಸೆಕೆಂಡಿಗೆ ಇಳಿಯುತ್ತದೆ. ಮಾತಿಗೆ ಅದು ವಿಪರೀತ. ಕಚೇರಿಗೆ ಬರುವ 300 ಮಂದಿ 135 ಚದರ ಮೀಟರ್ ಸೇರಿಸುತ್ತಾರೆ. ಆಗ ಉಳಿಯುವುದು ಒಂದು ಸೆಕೆಂಡು ಮಾತ್ರ. ಹೀಗೆ ಬೆಳಗಿನವರ ದೂರೂ ರಾತ್ರಿಯವರ ದೂರೂ ಒಂದೇ ಭಾಗಾಕಾರದಿಂದ ಹುಟ್ಟಿದವು.

ಹಾಗಾದರೆ ಎಷ್ಟು ಅನುರಣನ ಹಿತ? ಮಾತಿಗೆ 0.7ರಿಂದ 1 ಸೆಕೆಂಡಿನವರೆಗೆ ಸಾಕೆಂದೂ, ಪಾಶ್ಚಾತ್ಯರ ದೊಡ್ಡ ವಾದ್ಯವೃಂದಕ್ಕೆ ಎರಡು ಸೆಕೆಂಡಿನ ಸುತ್ತಮುತ್ತ ಬೇಕೆಂದೂ ಎಲ್ಲ ಪುಸ್ತಕಗಳೂ ಹೇಳುತ್ತವೆ. ನಮ್ಮ ಸಂಗೀತಕ್ಕೆ ಅವರ ಪಟ್ಟಿಯನ್ನು ಕಣ್ಣುಮುಚ್ಚಿ ಅನ್ವಯಿಸಲಾಗದು. ಮೃದಂಗದವರು ಸೆಕೆಂಡಿಗೆ ಹತ್ತು ಪೆಟ್ಟುಗಳನ್ನು ನುಡಿಸುವಾಗ ಎರಡು ಪೆಟ್ಟುಗಳ ನಡುವಿನ ಅಂತರ 0.1 ಸೆಕೆಂಡು. ಅನುರಣನ ಕಾಲ ಒಂದು ಸೆಕೆಂಡಾದರೆ ಅಷ್ಟರಲ್ಲಿ ಹಿಂದಿನ ಪೆಟ್ಟು 6 ಡೆಸಿಬೆಲ್ ಇಳಿದಿರುತ್ತದೆ, ಅಂದರೆ ಅದರ ಶಕ್ತಿ ಕಾಲುಭಾಗವಾಗಿರುತ್ತದೆ. ಎರಡು ಸೆಕೆಂಡಾದರೆ ಇಳಿಯುವುದು 3 ಡೆಸಿಬೆಲ್ ಮಾತ್ರ. ಅರ್ಧಭಾಗ ಇನ್ನೂ ಭವನದಲ್ಲಿಯೇ ಸುಳಿದಾಡುತ್ತಿರುವಾಗ ಮುಂದಿನ ಪೆಟ್ಟು ಬೀಳುತ್ತದೆ. ತನಿ ಆವರ್ತನ ಕೇಳುವವರಿಗೆ ಇದು ಸಹಿಸದು. ಅದೇ ವೀಣೆಯ ಆಲಾಪನೆಗೆ ಒಂದೂವರೆ ಸೆಕೆಂಡು ಇದ್ದರೆ ಒಂದು ಗಮಕದ ನೆರಳಿನಲ್ಲಿ ಇನ್ನೊಂದು ಮೂಡುತ್ತದೆ. ಒಂದೇ ಕಚೇರಿಯೊಳಗೆ ಎರಡು ಭವನಗಳು ಬೇಕಾದಂತೆ ಆಯಿತು!

ಗೋಡೆಗಳನ್ನೇ ಬದಲಿಸುವ ಉಪಾಯವನ್ನು ಕೆಲವರು ಮಾಡಿದ್ದಾರೆ. ಪ್ಯಾರಿಸ್ ನಗರದ ಇರ್ಕಾಮ್ ಸಂಸ್ಥೆಯಲ್ಲಿ 1978ರಲ್ಲಿ ತೆರೆದ ಪ್ರಯೋಗಶಾಲೆಯ ಗೋಡೆಗಳಲ್ಲಿ ತಿರುಗುವ ಪಟ್ಟಕಗಳಿವೆ. ಅದರ ಛಾವಣಿಯನ್ನು ಮೇಲಕ್ಕೂ ಕೆಳಕ್ಕೂ ಸರಿಸಬಹುದು. ನಮ್ಮಂತಹವರಿಗೆ ಅದು ಎಟುಕುವ ಮಾತಲ್ಲ. ಇನ್ನೊಂದು ತೊಡಕೂ ಉಂಟು. ನಮ್ಮ ಭವನದ ಗೋಡೆ, ನೆಲ, ಛಾವಣಿಗಳು ಸ್ವಲ್ಪವೂ ಹೀರುವುದಿಲ್ಲವೆಂದೇ ಇಟ್ಟುಕೊಂಡರೂ, 300 ಜನರ 135 ಚದರ ಮೀಟರ್ ಹೀರಿಕೆ ಇದ್ದೇ ಇರುತ್ತದೆ. 232ನ್ನು 135ರಿಂದ ಭಾಗಿಸಿದರೆ 1.7 ಸೆಕೆಂಡು, ತುಂಬಿದ ಸಭೆಯಲ್ಲಿ ಅದಕ್ಕೆ ಮೀರಿ ಹೋಗುವುದು ಪ್ರಕೃತಿಯಿಂದಲೇ ಅಸಾಧ್ಯ. ಮೀರಬೇಕಾದರೆ ಛಾವಣಿಯನ್ನು ಎತ್ತರಿಸಬೇಕು. ಇಲ್ಲವೆ, ಜನ ಹೀರಿಕೊಂಡ ಶಕ್ತಿಯನ್ನು ಬೇರೆ ಎಲ್ಲಿಂದಲಾದರೂ ತಂದು ಮರಳಿ ತುಂಬಬೇಕು. ಇಲೆಕ್ಟ್ರಾನಿಕ್ ವ್ಯವಸ್ಥೆ ಮಾಡುವುದು ಈ ಎರಡನೆಯ ಕೆಲಸವನ್ನು.

ಸಾಮಾನ್ಯ ಮೈಕಿನ ವ್ಯವಸ್ಥೆಗೂ ಇದಕ್ಕೂ ವ್ಯತ್ಯಾಸವಿದೆ. ಮೈಕು ಹಾಡುವವರ ಬಾಯಿಂದ ದನಿಯನ್ನು ಹಿಡಿದು ಕೇಳುವವರ ಕಿವಿಗೆ ಎಸೆಯುತ್ತದೆ. ಇಲ್ಲಿ ಹಾಗಲ್ಲ. ಭವನದಲ್ಲಿ ಹರಡಿರುವ ಶಬ್ದವನ್ನು ದೂರದ ಮೈಕ್ರೊಫೋನೊಂದು ಗ್ರಹಿಸುತ್ತದೆ, ವರ್ಧಕವು ಅದಕ್ಕೆ ಬಲ ಕೊಡುತ್ತದೆ, ಲೌಡ್‌ಸ್ಪೀಕರು ಅದನ್ನು ಮರಳಿ ಭವನಕ್ಕೇ ಬಿಡುತ್ತದೆ. ಆ ಶಬ್ದ ಮತ್ತೆ ಮೈಕ್ರೊಫೋನನ್ನು ಸೇರುತ್ತದೆ, ಮತ್ತೆ ಹೊರಡುತ್ತದೆ. ಗೋಡೆಯಿಂದ ಪುಟಿದ ಶಬ್ದ ಮಾಡುವುದೂ ಇದನ್ನೇ ಅಲ್ಲವೆ? ಶಬ್ದವನ್ನು ಹೀರದೆ, ಬಡ್ಡಿಯೊಡನೆ ಹಿಂದಿರುಗಿಸುವ ಒಂದು ತುಂಡು ಗೋಡೆಯನ್ನು ಕಟ್ಟಿದಂತಾಯಿತು.

ಕೇಳಲು ಸುಲಭ. ಆದರೆ ಬಡ್ಡಿ ಹೆಚ್ಚಾದರೆ ಏನಾಗುವುದೆಂಬುದನ್ನು ಮದುವೆ ಮನೆಗಳಲ್ಲಿ ಎಲ್ಲರೂ ಕೇಳಿ ಬಲ್ಲರು. ಮೈಕು ಕೂಗಿಕೊಳ್ಳುತ್ತದೆ. ಒಂದು ಸುತ್ತು ಮುಗಿಸಿ ಬಂದ ಶಬ್ದ ಹೊರಟಾಗಿನಷ್ಟೇ ಬಲವುಳ್ಳದ್ದಾಗಿ, ಅಲೆಗಳ ಏರಿಳಿತವೂ ಹೊಂದಿಕೊಂಡು ಬಂದರೆ, ಸುತ್ತು ಸುತ್ತಿಗೂ ಅದು ಬೆಳೆಯುತ್ತದೆ. ಮಾನ್‌ಫ್ರೆಡ್ ಶ್ರೋಡರ್ ಎಂಬ ಜರ್ಮನ್ ಮೂಲದ ವಿಜ್ಞಾನಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದಾಗ ಇದರ ಲೆಕ್ಕವನ್ನು ಬಿಡಿಸಿದನು. ಯಾವುದೇ ಭವನವು ಎಲ್ಲ ಸ್ವರಗಳನ್ನೂ ಸಮನಾಗಿ ಸಾಗಿಸುವುದಿಲ್ಲ. ಸ್ವರ ಸ್ವಲ್ಪ ಬದಲಾದರೂ ಶಬ್ದದ ಮಟ್ಟ ಬೆಟ್ಟಕಣಿವೆಗಳಂತೆ ಏರಿಳಿಯುತ್ತದೆ. ಅತ್ಯಂತ ಎತ್ತರದ ಶಿಖರವು ಸರಾಸರಿಗಿಂತ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು, ಮೇಲಿರುತ್ತದೆ. ಆದುದರಿಂದ ಮರಳಿ ಬರುವ ಶಕ್ತಿಯ ಸರಾಸರಿ ಹತ್ತನೆಯ ಒಂದು ಪಾಲಾಗುವಷ್ಟರಲ್ಲಿಯೇ ಯಾವುದೋ ಒಂದು ಸ್ವರದಲ್ಲಿ ಅದು ಪೂರ್ಣ ಒಂದಾಗಿ ಕೂಗು ಏಳುತ್ತದೆ. ಕೂಗು ಏಳುವುದಕ್ಕೆ ಮುಂಚೆಯೇ ದನಿ ತಗಡಿನ ಡಬ್ಬದೊಳಗಿನಿಂದ ಬಂದಂತೆ ಕೆಡುತ್ತದೆ. ಆದುದರಿಂದ ಒಂದು ಮೈಕ್ರೊಫೋನು ಮತ್ತು ಒಂದು ಲೌಡ್‌ಸ್ಪೀಕರಿನ ಜೋಡಿಯಿಂದ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೆಲಸ ತೆಗೆಯುವುದು ಕ್ಷೇಮವಲ್ಲ.

ಈ ತಡೆಯನ್ನು ಮೊದಲು ದಾಟಿದ ಕಥೆ ಲಂಡನ್ನಿನದು. ಥೇಮ್ಸ್ ನದಿಯ ದಂಡೆಯಲ್ಲಿ 1951ರಲ್ಲಿ ತೆರೆದ ರಾಯಲ್ ಫೆಸ್ಟಿವಲ್ ಹಾಲ್ ಯುದ್ಧಾನಂತರದ ಇಂಗ್ಲೆಂಡಿಗೆ ಹೆಮ್ಮೆಯ ಕಟ್ಟಡವಾಗಿದ್ದಿತು. ಆದರೆ ಅದರ ಅನುರಣನ ಕಾಲ ಒಂದೂವರೆ ಸೆಕೆಂಡಿನಷ್ಟೇ ಬಂದಿತು. ಮಂದ್ರಸ್ವರಗಳಿಗಂತೂ ತುಂಬು ಸಾಲದಾಯಿತು. ವಾದ್ಯವೃಂದದವರು ಶುಷ್ಕವೆಂದು ದೂರಿದರು. ಭವನದ ಶಬ್ದಯೋಜನೆಯಲ್ಲಿ ಪಾಲ್ಗೊಂಡಿದ್ದ ಪೀಟರ್ ಪಾರ್ಕಿನ್ ಎಂಬಾತನೇ ಮುಂದೆ ಪರಿಹಾರವನ್ನೂ ಹುಡುಕಿದನು. ಆತನು ಮೈಕ್ರೊಫೋನುಗಳನ್ನು ಟೊಳ್ಳು ಪಾತ್ರೆಗಳೊಳಗೂ ಕೊಳವೆಗಳೊಳಗೂ ಇರಿಸಿ ಛಾವಣಿಗೆ ಅಳವಡಿಸಿದನು. ಖಾಲಿ ಸೀಸೆಯ ಬಾಯಿಗೆ ತುಟಿಯಿಟ್ಟು ಊದಿದರೆ ಒಂದೇ ಒಂದು ಸ್ವರ ಹೊರಡುತ್ತದೆಯಲ್ಲವೆ? ಹಾಗೆಯೇ ಒಂದೊಂದು ಪಾತ್ರೆಯೂ ತನ್ನ ಒಂದು ಸ್ವರಕ್ಕೆ ಮಾತ್ರ ಕಿವಿಗೊಡುತ್ತದೆ. ಪ್ರತಿ ಚಾನೆಲೂ ಒಂದು ಕಿರಿದಾದ ಸ್ವರಪಟ್ಟಿಯನ್ನು ಮಾತ್ರ ನೋಡಿಕೊಂಡುದರಿಂದ ಬೇರೆ ಸ್ವರದಲ್ಲಿ ಕೂಗು ಏಳುವ ಭಯ ತಪ್ಪಿತು. ತನ್ನ ಸ್ವರದಲ್ಲಿ ಅದಕ್ಕೆ ಸಾಕಷ್ಟು ಬಲ ಕೊಡುವುದೂ ಸಾಧ್ಯವಾಯಿತು. 1964ರಲ್ಲಿ ಪ್ರಯೋಗ ಮೊದಲಾಗಿ ಕೊನೆಗೆ 172 ಚಾನೆಲುಗಳು ಸೇರಿದವು. ಸೆಕೆಂಡಿಗೆ 58 ಕಂಪನಗಳಿಂದ 700 ಕಂಪನಗಳವರೆಗಿನ ಸ್ವರಗಳನ್ನು ಅವು ಹಂಚಿಕೊಂಡವು. ಸರಾಸರಿ ನಾಲ್ಕು ಕಂಪನಗಳಿಗೂ ಕಡಿಮೆ ಅಂತರಕ್ಕೆ ಒಂದು ಚಾನೆಲ್. ಮಂದ್ರಸ್ವರಗಳ ಅನುರಣನ ಕಾಲ 1.4 ಸೆಕೆಂಡಿನಿಂದ ಎರಡಕ್ಕೂ ಮೇಲೇರಿತು.

ಮೊದಮೊದಲು ಕೇಳುಗರಿಗೆ ತಿಳಿಸದೆಯೇ ಈ ವ್ಯವಸ್ಥೆಯನ್ನು ಕಚೇರಿಗಳಲ್ಲಿ ಉಪಯೋಗಿಸಿದರು. ಇದು ವಂಚನೆಯೇ? ತಿಳಿದರೆ ಜನ ಕಿವಿಯಿಂದ ಕೇಳದೆ ಊಹೆಯಿಂದ ಕೇಳುತ್ತಾರೆಂಬ ಕಾರಣ ಪ್ರಯೋಗದ ದೃಷ್ಟಿಯಿಂದ ಒಪ್ಪತಕ್ಕದ್ದೇ. ಸಂಗೀತಗಾರರನ್ನು ಕತ್ತಲಲ್ಲಿಟ್ಟುದು ಮಾತ್ರ ನಮಗೆ ಸರಿಯೆಂದು ತೋರುವುದಿಲ್ಲ, ವಾದ್ಯ ಅವರದು. ಅದೇನೇ ಇರಲಿ, ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದ ಆ ವ್ಯವಸ್ಥೆಯನ್ನು 1998ರಲ್ಲಿ ನಿಲ್ಲಿಸಿದರು. 2005ರಿಂದ 2007ರವರೆಗೆ ಭವನವನ್ನು ಮುಚ್ಚಿ, ಕಟ್ಟಡವನ್ನೇ ಸುಧಾರಿಸಿದರು.

ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ಫ್ರಾನ್ಸೆನ್ 1968ರಲ್ಲಿ ಇನ್ನೊಂದು ದಾರಿ ತೋರಿದನು. ಸ್ವರಗಳನ್ನು ಹಂಚುವುದೇಕೆ? ಪ್ರತಿ ಚಾನೆಲೂ ಎಲ್ಲ ಸ್ವರಗಳನ್ನು ಹಿಡಿಯಲಿ, ಆದರೆ ನೂರರಲ್ಲಿ ಒಂದು ಪಾಲು ಮಾತ್ರ ಹಿಂದಿರುಗಿಸಲಿ. ಚಾನೆಲುಗಳ ಸಂಖ್ಯೆಯೇ ಹೆಚ್ಚಲಿ. ಇಂತಹ 50 ಚಾನೆಲುಗಳು ಒಂದರ ಹಂಗು ಒಂದಕ್ಕಿಲ್ಲದೆ ಕೆಲಸ ಮಾಡಿದರೆ ಪ್ರತಿ ಸುತ್ತಿಗೂ ಅರ್ಧದಷ್ಟು ಶಕ್ತಿ ಮರಳುತ್ತದೆ. ಒಂದು, ಅದರ ಅರ್ಧ, ಅದರ ಅರ್ಧ, ಹೀಗೆ ಕೂಡುತ್ತ ಹೋದರೆ ಮೊತ್ತ ಎರಡು. ಗಣಿತದ ತರಗತಿಯಲ್ಲಿ ಗುಣೋತ್ತರ ಶ್ರೇಢಿಯಿಂದ ಏನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗಳು ಇದನ್ನು ಗಮನಿಸಬಹುದು. ಭವನದ ಅನುರಣನ ಕಾಲ ಇಮ್ಮಡಿಯಾಗುತ್ತದೆ. ಗೋಡೆ ಕದಲದೆ ಭವನ ಹಿಗ್ಗುತ್ತದೆ.

ಐವತ್ತು ಮೈಕ್ರೊಫೋನು, ಐವತ್ತು ವರ್ಧಕ! ಸಣ್ಣ ಭವನಕ್ಕೆ ಇದು ಆನೆ ಸಾಕಿದಂತೆ. ಕಂಪ್ಯೂಟರ್ ಅಗ್ಗವಾದ ಮೇಲೆ ಬಂದ ವ್ಯವಸ್ಥೆಗಳು ಈ ಭಾರವನ್ನು ಬಹಳ ಇಳಿಸಿವೆ. ಶ್ರೋಡರನೇ 1960ರ ದಶಕದ ಆರಂಭದಲ್ಲಿ ತಡಗಳ ಜೋಡಣೆಯಿಂದ ಅನುರಣನವನ್ನು ಲೆಕ್ಕದಲ್ಲಿ ಹುಟ್ಟಿಸುವ ಕ್ರಮವನ್ನು ತೋರಿಸಿದ್ದನು. ಈಗ ವೇದಿಕೆಯ ಮೇಲೆ ತೂಗುಬಿಟ್ಟ ಕೆಲವೇ ಮೈಕ್ರೊಫೋನುಗಳ ಶಬ್ದವನ್ನು ಕಂಪ್ಯೂಟರ್ ಹೀಗೆ ನೂರಾರು ತಡಗಳಾಗಿ ಹೆಣೆದು, ಗೋಡೆ ಛಾವಣಿಗಳಲ್ಲಿ ಅಡಗಿಸಿದ ಹತ್ತಾರು ಸಣ್ಣ ಲೌಡ್‌ಸ್ಪೀಕರುಗಳಿಗೆ ಹಂಚುತ್ತದೆ. ಭವನದ ಸ್ವಂತ ಮರುಪುಟಿತವನ್ನೂ ಕಂಪ್ಯೂಟರಿನ ಅನುರಣನವನ್ನೂ ಬೆರೆಸುವ ಕ್ರಮವನ್ನು ನ್ಯೂಜಿಲೆಂಡಿನ ಮಾರ್ಕ್ ಪೊಲೆಟ್ಟಿ 1990ರ ದಶಕದಲ್ಲಿ ರೂಪಿಸಿದನು.

ಕೂಗನ್ನು ತಡೆಯಲು ಇನ್ನೊಂದು ಜಾಣತನ ಉಂಟು. ಅಮೆರಿಕದ ಡೇವಿಡ್ ಗ್ರೀಸಿಂಗರನು ತಡಗಳನ್ನು ಸ್ಥಿರವಾಗಿರಿಸದೆ ಮೆಲ್ಲಮೆಲ್ಲನೆ ಬದಲಾಯಿಸುತ್ತಿರುವಂತೆ ಮಾಡಿದನು. ಒಂದು ಸ್ವರ ಶಿಖರವೇರುವಷ್ಟರಲ್ಲಿ ಶಿಖರವೇ ಪಕ್ಕಕ್ಕೆ ಸರಿದಿರುತ್ತದೆ. ಇದಕ್ಕೂ ಹಿಂದೆ, 1964ರಲ್ಲಿ, ಶ್ರೋಡರನು ಪ್ರತಿ ಸುತ್ತಿಗೂ ಸ್ವರವನ್ನು ಸೆಕೆಂಡಿಗೆ ಐದು ಕಂಪನಗಳಷ್ಟು ಏರಿಸುವ ಉಪಾಯ ಹೇಳಿದ್ದನು. ಭಾಷಣಕ್ಕೆ ಅದು ಒಳ್ಳೆಯದೇ. ನಮ್ಮ ಸಂಗೀತಕ್ಕೆ? ತಂಬೂರಿಯ ಮಂದ್ರ ತಂತಿ 110 ಕಂಪನಗಳಲ್ಲಿ ನುಡಿಯುತ್ತಿದ್ದರೆ ಐದು ಕಂಪನವೆಂದರೆ ಅರ್ಧ ಸ್ವರಕ್ಕೆ ತುಸು ಕಡಿಮೆ. ಶ್ರುತಿಯ ಬೆನ್ನಿಗೇ ಅಪಶ್ರುತಿಯೊಂದು ಸೆಕೆಂಡಿಗೆ ಐದು ಬಾರಿ ಮಿಡಿಯುತ್ತ ಬಂದರೆ ಮೊದಲ ಸಾಲಿನವರು ಎದ್ದುಹೋಗುವುದರಲ್ಲಿ ಸಂದೇಹವಿಲ್ಲ. ತಡ ಬದಲಾಯಿಸುವ ವ್ಯವಸ್ಥೆಯನ್ನು ಕೊಳ್ಳುವವರೂ, ಯಾವ ಸಂಗೀತಕ್ಕೂ ಮೊದಲು, ತಂಬೂರಿಯನ್ನು ಮೀಟಿ ಪರೀಕ್ಷಿಸಬೇಕು. ಒಂದೇ ಶ್ರುತಿಯಲ್ಲಿ ಎಡೆಬಿಡದೆ ನುಡಿಯುವ ಈ ವಾದ್ಯಕ್ಕಿಂತ ಕಠಿಣವಾದ ಪರೀಕ್ಷಕ ಇನ್ನೊಂದಿಲ್ಲ.

ಸಣ್ಣ ಭವನಗಳಿಗೆ ತಮ್ಮದೇ ಆದ ತೊಂದರೆಗಳೂ ಉಂಟು. ಅನುರಣನವನ್ನು ಮರುಪುಟಿತದಿಂದ ಇಮ್ಮಡಿ ಮಾಡಿದರೆ ಭವನದಲ್ಲಿ ತುಂಬಿನಿಂತ ಶಬ್ದದ ಶಕ್ತಿಯೂ ಇಮ್ಮಡಿ, ಅಂದರೆ 3 ಡೆಸಿಬೆಲ್ ಹೆಚ್ಚು. ದೊಡ್ಡ ಭವನದಲ್ಲಿ ಅದು ವರ. ಹನ್ನೆರಡು ಮೀಟರ್ ಅಗಲದ ಕೋಣೆಯಲ್ಲಿ ನಾದಸ್ವರ ಊದುವಾಗ ಅದು ಶಿಕ್ಷೆ. ಗೋಡೆಗಳು ಹತ್ತಿರವಿರುವುದರಿಂದ ಮೊದಲ ಪುಟಿತಗಳು ಬೇಗ ಬಂದು ಕಿವಿಗೆ ಇದು ಸಣ್ಣ ಭವನವೆಂದು ಸಾರಿಬಿಡುತ್ತವೆ. ಆಮೇಲೆ ಗೋಳಗುಮ್ಮಟದಷ್ಟು ಉದ್ದನೆಯ ಬಾಲ ಬಂದರೆ ಕಿವಿ ಒಪ್ಪುವುದಿಲ್ಲ. ಇನ್ನು ನಮ್ಮ ಛಾವಣಿಯ ಫ್ಯಾನುಗಳು. ಮೈಕ್ರೊಫೋನಿಗೆ ವೀಣೆಯೂ ಒಂದೇ ಫ್ಯಾನೂ ಒಂದೇ. ಎರಡಕ್ಕೂ ಅದು ಅನುರಣನ ಕೊಡುತ್ತದೆ. ವಿದ್ಯುತ್ತು ಹೋದರಂತೂ ರಾಗದ ನಡುವೆ ಭವನವೇ ಕುಗ್ಗಿಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು, ಸಮಿತಿಯವರಿಗೆ ನಾವು ಮೊದಲು ಹೇಳಿದುದೂ ಅದನ್ನೇ. ಈ ವ್ಯವಸ್ಥೆ ಅನುರಣನವನ್ನು ಕೂಡಿಸಬಲ್ಲುದು, ಕಳೆಯಲಾರದು. 2.6 ಸೆಕೆಂಡಿನ ಭವನಕ್ಕೆ ಎಷ್ಟು ಹಣ ಸುರಿದು ಇಲೆಕ್ಟ್ರಾನಿಕ್ಸ್ ಜೋಡಿಸಿದರೂ ಬೆಳಗಿನ ಪಾಠ ತಿಳಿಯಾಗುವುದಿಲ್ಲ. ಮೊದಲು ಭವನವನ್ನು ಮಾತಿಗೆ ತಕ್ಕಷ್ಟು ಶುಷ್ಕಗೊಳಿಸಬೇಕು; ಬೇಕೆನಿಸಿದಾಗ ಯಂತ್ರದಿಂದ ಆರ್ದ್ರಗೊಳಿಸಬೇಕು. ಸಮಿತಿಯಲ್ಲಿ ಇದಕ್ಕೆ ಒಪ್ಪಿಗೆ ಸುಲಭವಾಗಿ ದೊರೆಯಲಿಲ್ಲ. ಹೊಳೆಯುವ ಯಂತ್ರದ ಮುಂದೆ ಖಾದಿ ಬಟ್ಟೆ ಹೊದಿಸಿದ ಚೌಕಟ್ಟುಗಳು ಬಡವಾಗಿಯೇ ಕಾಣುತ್ತವೆ. ಕಡೆಗೆ 120 ಚದರ ಮೀಟರಿನಷ್ಟು ಚೌಕಟ್ಟುಗಳಲ್ಲಿ ಗ್ಲಾಸ್‌ವೂಲ್ ತುಂಬಿಸಿ ಹಿಂದಿನ ಗೋಡೆಗೂ ಪಕ್ಕದ ಗೋಡೆಗಳಿಗೂ ಹಚ್ಚಿಸಿದೆವು. ಹೀರಿಕೆ ಸುಮಾರು 80 ಚದರ ಮೀಟರ್ ಹೆಚ್ಚಬೇಕೆಂದು ಎಣಿಸಿದ್ದೆವು. ಖಾಲಿ ಭವನದಲ್ಲಿ ಮತ್ತೆ ಬೆಲೂನು ಒಡೆದಾಗ 1.4 ಸೆಕೆಂಡು ಬಂದಿತು, ಲೆಕ್ಕ ಸರಿಯಾಗಿದ್ದಿತು. 60 ವಿದ್ಯಾರ್ಥಿಗಳಿದ್ದಾಗ 1.2 ಸೆಕೆಂಡು. ಹಿಂದಿನ ಸಾಲಿನವರು ಈಗ ಪ್ರಶ್ನೆ ಕೇಳುತ್ತಾರೆ, ನಮಗೆ ಅದೂ ಒಂದು ಹೊಸ ತೊಂದರೆಯೇ. ಹಣದ ಮುಕ್ಕಾಲು ಪಾಲು ಬ್ಯಾಂಕಿನಲ್ಲಿದೆ.

ಇಷ್ಟಾದ ಮೇಲೆ ಅಂತಿಮ ವರ್ಷದ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ಕಾಲೇಜಿನಲ್ಲಿದ್ದ, ಗೆಳೆಯರಿಂದ ಎರವಲು ತಂದ ಮೈಕ್ರೊಫೋನು ಲೌಡ್‌ಸ್ಪೀಕರುಗಳನ್ನು ಕೂಡಿಸಿ ಎಂಟು ಚಾನೆಲುಗಳನ್ನು ಜೋಡಿಸಿದರು. ಮೊದಲನೆಯದನ್ನು ಜೋಡಿಸಿ ಬಲ ಏರಿಸಿದಾಗ ಅದು ಕೂಗಿತು. ಮೈಕ್ರೊಫೋನನ್ನು ಒಂದು ಗೇಣು ಸರಿಸಿದರೆ ಕೂಗಿನ ಸ್ವರವೇ ಬದಲಾಯಿತು. ಶ್ರೋಡರನ ಶಿಖರಗಳನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ತೋರಿಸಲಾರದು. ಎಂಟು ಚಾನೆಲುಗಳು ತಲಾ ನೂರರಲ್ಲಿ ಒಂದು ಪಾಲು ಮರಳಿಸಿದರೆ ಅನುರಣನ ಕಾಲ ನೂರಕ್ಕೆ ಸುಮಾರು 9ರಷ್ಟು ಹೆಚ್ಚಬೇಕು: 1.4 ಸೆಕೆಂಡಿನಿಂದ 1.5ಕ್ಕೆ. ನಮ್ಮ ಊರಿನಲ್ಲಿ ವೀಣೆ ಕಲಿಸುವ ಹಿರಿಯ ತಾಯಿಯೊಬ್ಬರನ್ನು ಕರೆತಂದು, ಫ್ಯಾನುಗಳನ್ನು ನಿಲ್ಲಿಸಿ, ನುಡಿಸಲು ಬೇಡಿಕೊಂಡೆವು. ಪ್ರಯೋಗದ ವಿಷಯವನ್ನು ಅವರಿಗೆ ಮೊದಲೇ ಹೇಳಿದ್ದೆವು. ಸ್ವಲ್ಪ ಹೊತ್ತು ನುಡಿಸಿ ಅವರೆಂದರು: "ತಂತಿ ಇವತ್ತು ಒಂದಿಷ್ಟು ಹೆಚ್ಚು ಹೊತ್ತು ನಿಲ್ಲುತ್ತಿದೆ ಮೇಷ್ಟ್ರೇ. ನಿಮ್ಮ ಯಂತ್ರದಿಂದಲೋ, ಫ್ಯಾನು ನಿಲ್ಲಿಸಿದ್ದರಿಂದಲೋ?"

ಕೇಳಬೇಕಾದ ಪ್ರಶ್ನೆಯೇ ಅದು. ಫ್ಯಾನುಗಳನ್ನು ನಿಲ್ಲಿಸಿಯೇ ಇಟ್ಟು, ವಿದ್ಯಾರ್ಥಿಯೊಬ್ಬ ಪರದೆಯ ಹಿಂದೆ ನಾಣ್ಯ ಚಿಮ್ಮಿ ವ್ಯವಸ್ಥೆಯನ್ನು ಹಾಕುವುದೋ ಆರಿಸುವುದೋ ಮಾಡಿದನು. ಹನ್ನೆರಡು ಬಾರಿ ನುಡಿಸಿ ಅವರು ಹನ್ನೆರಡು ಬಾರಿ ಊಹೆ ಹೇಳಿದರು, ಏಳು ಸರಿಯಾದವು. ನಾಣ್ಯವನ್ನೇ ಕೇಳಿದ್ದರೂ ಆರು ಸರಿಯಾಗುತ್ತಿದ್ದವು. ಮುಂದಿನ ಬಾರಿ ಮೂವತ್ತು ಚಾನೆಲುಗಳು ಬೇಕೆಂದು ವಿದ್ಯಾರ್ಥಿಗಳು ಪಟ್ಟಿ ಬರೆದುಕೊಟ್ಟಿದ್ದಾರೆ. ಆ ತಾಯಿಯವರು ಬರಲು ಒಪ್ಪಿದ್ದಾರೆ, ಬೇಸಿಗೆ ಕಳೆದ ಮೇಲೆ. ಫ್ಯಾನಿಲ್ಲದೆ ಎರಡು ಗಂಟೆ ಕೂಡುವುದು ತಮ್ಮಿಂದಾಗದೆಂದು ಹೇಳಿ ಕಳುಹಿಸಿದ್ದಾರೆ.